ಹತ್ತರವರೆಗೆ ಎಣಿಸುವುದು

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆ ಬೇರೆಯವರಿಗೆ ಮಾತ್ರ ಅಂತ ನಾನು ಬಹಳ ಕಾಲ ತಿಳಿದಿದ್ದೆ.

ನಾನು ಮೂಡುಬಿದಿರೆಯಲ್ಲಿ ಮಾತಿನ ಚಿಕಿತ್ಸೆ ಮಾಡುವವಳು. ಮಾತು ಕಷ್ಟವಾದವರೂ ಅಂಗಡಿ, ಬಸ್ಸು, ಕಚೇರಿಗಳಲ್ಲಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಲಿ ಎಂದು ನಮ್ಮ ವೃತ್ತಿಯವರ ಸಂಘ, ಬೆರಳಿಟ್ಟು ತೋರಿಸಿ ಹೇಳುವ ಚಿತ್ರದ ಬೋರ್ಡುಗಳನ್ನು ಮಾಡಿಸಿತು. ಅವನ್ನು ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಪಂಚಾಯತುಗಳಿಗೆ ಹೊತ್ತುಕೊಂಡು ಹೋದವರೂ ನಾವೇ. ಪುಂಜಾಲಕಟ್ಟೆಯಲ್ಲಿ ಪಂಚಾಯತು ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಟ್ಟೆವು. ಅದರ ಸಾರ ಇಷ್ಟೆ: ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಅವರ ಮಾತನ್ನು ನೀವು ಆಡಬೇಡಿ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಜನ ತೂಕಡಿಸುತ್ತಿದ್ದರು. ಇವರಿಂದ ಏನಾದೀತು ಎಂದುಕೊಂಡೇ ಬಸ್ಸು ಹತ್ತಿದ್ದೆ.

ನನ್ನ ದೊಡ್ಡಮ್ಮ ಅಳದಂಗಡಿಯ ಕಡೆ ಒಂದನೇ ಕ್ಲಾಸಿಗೆ ಟೀಚರಾಗಿದ್ದವರು. ನಿವೃತ್ತಿಯ ನಂತರ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಬರೆಯುವ ಅಕ್ಷರವೂ ಒಟ್ಟಿಗೆ ಹೋದವು. ಬುದ್ಧಿಗೆ ಏನೂ ಆಗಿರಲಿಲ್ಲ, ಸಿಟ್ಟಿಗಂತೂ ಏನೇನೂ ಆಗಿರಲಿಲ್ಲ. ಆದರೂ ಮನೆಗೆ ಬಂದವರು ಅವರ ಮುಖ ನೋಡಿಕೊಂಡು, ಇವರಿಗೆ ಈಗ ಹೇಗುಂಟು ಎಂದು ನನ್ನ ಹತ್ತಿರ ಕೇಳುತ್ತಿದ್ದರು.

ಕಳೆದ ಮಳೆಗಾಲ ಮುಗಿಯುವಾಗ ಅವರ ಊರಿನ ಗ್ರಾಮಸಭೆಯ ನೋಟಿಸು ಬಂತು. ದೊಡ್ಡಮ್ಮ ಅದನ್ನು ಎಡಗೈಯಲ್ಲಿ ಹಿಡಿದವರು ಬಿಡಲೇ ಇಲ್ಲ. ಸಭೆಯಲ್ಲಿ ಏನೋ ಹೇಳಲಿಕ್ಕುಂಟು ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಕರಕೊಂಡು ಹೋದೆ.

ಅವರ ಸರದಿ ಬಂದಾಗ ಪಂಚಾಯತಿನ ಕ್ಲರ್ಕ್ ನಮ್ಮ ಬೋರ್ಡನ್ನು ತಂದು ಮುಂದಿಟ್ಟಳು. ಅವಳು ದೊಡ್ಡಮ್ಮನ ಶಾಲೆಯಲ್ಲೇ ಕಲಿತವಳು, ನಮ್ಮ ತರಬೇತಿಗೂ ಬಂದಿದ್ದವಳು. ದೊಡ್ಡಮ್ಮನ ಬೆರಳು ಶಾಲೆಯ ಚಿತ್ರ ಮುಟ್ಟಿತು. ಆಮೇಲೆ ಮಗು, ಆಮೇಲೆ ನೀರು. ನಾನು ತಡೆಯಲಾರದೆ ಮೈಕಿಗೆ ಬಾಗಿ, ಶಾಲೆಯ ಮಕ್ಕಳಿಗೆ ಕುಡಿಯುವ ನೀರು ಬೇಕಂತೆ ಎಂದುಬಿಟ್ಟೆ. ಅಧ್ಯಕ್ಷರು ಬರೆದುಕೊಳ್ಳಿ ಅಂದರು.

ದೊಡ್ಡಮ್ಮ ಎಡಗೈಯಿಂದ ಮೇಜಿಗೆ ಗುದ್ದಿದರು.

ಕ್ಲರ್ಕ್ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಮೇಡಂ, ಹತ್ತರವರೆಗೆ ಎಣಿಸ್ಬೇಕು ಅಂತ ನೀವೇ ಹೇಳಿದ್ದಲ್ವಾ? ನೀವು ಎಣಿಸ್ಲೇ ಇಲ್ಲ. ಟೀಚರ್ ಹೇಳ್ತಾರೆ, ಸ್ವಲ್ಪ ಸುಮ್ಮನಿರಿ."

ಅದೂ ಇಡೀ ಊರಿನ ಎದುರು. ನನ್ನ ಮುಖ ಬಿಸಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಬೆನ್ನಿಗೇ ಎಂಥ ಹೆಮ್ಮೆ ಬಂತೆಂದರೆ, ನನ್ನನ್ನು ಬೈದವಳನ್ನು ತಬ್ಬಿಕೊಳ್ಳುವ ಅಂತ ಅನಿಸಿತು. ಆ ತೂಕಡಿಕೆಯ ನಡುವೆ ಇವಳು ಎಚ್ಚರವಿದ್ದಳು.

ಅವಳು ಒಂದು ಹಾಳೆಯನ್ನೂ ಪೆನ್ನನ್ನೂ ದೊಡ್ಡಮ್ಮನ ಮುಂದಿಟ್ಟು ಕಾದಳು. ಸಭೆಯವರೂ ಕಾದರು. ಎಡಗೈ ನಿಧಾನಕ್ಕೆ ನೀರಿನ ಚಿತ್ರ ಬರೆಯಿತು, ನೀರಿಗೆ ಅಡ್ಡವಾಗಿ ಒಂದು ಮರ, ಮರದ ಬದಿಗೆ ಉದ್ದಕ್ಕೂ ಒಂದು ಗೆರೆ.

"ಸಂಕವಾ ಟೀಚರ್? ಹಿಡ್ಕೊಳ್ಳಲಿಕ್ಕೆ ಕಂಬಿಯಾ?" ಎಂದಳು ಕ್ಲರ್ಕ್.

ದೊಡ್ಡಮ್ಮ ಹೌದೆಂದು ತಲೆಯಾಡಿಸಿದರು. ಶಾಲೆಯ ಹಿಂದೆ ಹರಿಯುವ ತೋಡನ್ನು ದಾಟಲಿಕ್ಕೆ ಅಡ್ಡ ಹಾಕಿದ ಒಂಟಿಮರದ ಕಾಲುಸಂಕ ಅದು. ಮಳೆಗಾಲವಿಡೀ ಒಂದೊಂದೇ ಮಗುವಿನ ಕೈಹಿಡಿದು ಅದನ್ನು ದಾಟಿಸುತ್ತಿದ್ದವರು ದೊಡ್ಡಮ್ಮ. ಅವರ ನಿವೃತ್ತಿಯ ಮೇಲೆ ಆ ಕೆಲಸಕ್ಕೆ ಯಾರೂ ಇರಲಿಲ್ಲ. ನಾವು ಪೇಟೆಯಲ್ಲಿ ಕೂತು ಮಾಡಿದ ಬೋರ್ಡಿನಲ್ಲಿ ಲಿಫ್ಟ್ ಕೂಡ ಇತ್ತು, ಸಂಕ ಇರಲಿಲ್ಲ.

ಸಂಕಕ್ಕೆ ಕಂಬಿ ಎಂದು ಬರೆದು, ಓದಿ ಹೇಳಿ, ಸರಿ ಉಂಟಾ ಎಂದು ಕೇಳಿ, ಅವಳು ಮತ್ತೆ ಕಾದಳು. ನಾನಾಗಿದ್ದರೆ ಅಷ್ಟಕ್ಕೇ ಎದ್ದುಬಿಡುತ್ತಿದ್ದೆ. ಈ ಸಲ ಎಣಿಸಿದೆ. ಎಂಟಕ್ಕೆ ಬರುವಾಗ ದೊಡ್ಡಮ್ಮ ಪುನಃ ಪೆನ್ನು ಹಿಡಿದು ಮರದ ಇನ್ನೊಂದು ಬದಿಗೂ ಒಂದು ಗೆರೆ ಎಳೆದರು.

ಈಗ ಆ ಸಂಕಕ್ಕೆ ಎರಡೂ ಬದಿಯಲ್ಲಿ ಕಂಬಿ ಉಂಟು.