ಉಣ್ಣೆಗಳಿಗೆ ನಾನು ಕಟ್ಟಿದ ಬಂಗಲೆ

ಕೋಳಿಗಳಿಗೆ ಮನೆ ಕಟ್ಟಲು ಹೋಗಿ ರಕ್ತ ಹೀರುವ ಉಣ್ಣೆಗಳಿಗೆ ಬಂಗಲೆ ಕಟ್ಟಿದವನು ಇಡೀ ಲಕ್ಷ್ಮೇಶ್ವರ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಕಟ್ಟಿದ್ದಷ್ಟೇ ಅಲ್ಲ, ನೀಲಿ ಬಣ್ಣ ಹಚ್ಚಿದೆ, ಬಾಗಿಲಿಗೆ ಚಿಲಕ ಹಾಕಿದೆ, ಮೇಲೆ ಬಿಳಿ ಅಕ್ಷರದಲ್ಲಿ ‘ಸುಸ್ವಾಗತ’ ಎಂದೂ ಬರೆದೆ. ಉಣ್ಣೆಗಳಿಗೆ ಓದಲು ಬರುತ್ತಿದ್ದರೆ ನನಗೆ ಶಾಲು ಹೊದಿಸಿ ಸತ್ಕಾರ ಮಾಡುತ್ತಿದ್ದವು.

ಅಡರಕಟ್ಟಿಯ ನಮ್ಮ ಮನೆಯ ಕೋಳಿಗಳು ಮೊದಲಿನಿಂದಲೂ ಬಿದಿರು ಬುಟ್ಟಿಯ ಕೆಳಗೆ ಮಲಗುತ್ತಿದ್ದವು. ಸಂಜೆ ಅವ್ವ ಬುಟ್ಟಿ ಬೋರಲು ಹಾಕಿ ಮೇಲೊಂದು ಕಲ್ಲು ಇಟ್ಟರೆ ಮುಗಿಯಿತು. ಆ ಹಿಂಡಿನ ಮೂಲ ಒಂದು ಚುಕ್ಕೆ ಹೇಂಟೆ. ಅದು ನಮ್ಮದಲ್ಲ, ಪಕ್ಕದ ಮನೆಯ ದೊಡ್ಡವ್ವನದು, ಅಂದರೆ ನಮ್ಮವ್ವನ ಅಕ್ಕನದು. ಮೊಣಕಾಲು ನೋವಿನಿಂದ ಕೋಳಿಯ ಹಿಂದೆ ಓಡಲಾರದೆ ಆಕೆ ಅದನ್ನು ನಮಗೆ ಪಾಲಿಗೆ ಕೊಟ್ಟಿದ್ದಳು. ಹೇಂಟೆ ಅವಳದು, ಕಾಳು ನಮ್ಮದು, ಮರಿಗಳಲ್ಲಿ ಅರ್ಧ ಅರ್ಧ. ದಿನಾ ಮುಂಜಾನೆ ಬಂದು ಹೇಂಟೆಯನ್ನು ಮಾತಾಡಿಸಿ ಹೋಗುತ್ತಿದ್ದಳು. ನನ್ನನ್ನು ಮಾತಾಡಿಸಿದ್ದು ಕಡಿಮೆ.

ಒಮ್ಮೆ ಕಾಡುಬೆಕ್ಕು ಬುಟ್ಟಿ ಉರುಳಿಸಿ ಒಂದು ಮರಿ ಒಯ್ದಿತು. ಬೈಕ್ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವ ನನಗೆ ಇಂಜಿನಿಯರ್ ಆಗಲು ಅಷ್ಟು ಸಾಕಾಯಿತು. ಬೆಟಗೇರಿಯ ಗೆಳೆಯನ ಮನೆಯ ಹಿಂದೆ ಹಳೆಯ ನೇಕಾರರ ಮನೆಯೊಂದನ್ನು ಕೆಡವುತ್ತಿದ್ದರು. ಅದರ ಹಿತ್ತಲಿನ ಕೋಳಿಗೂಡಿನ ಹಲಗೆಗಳು ಬಿದ್ದಿವೆ, ಒಯ್ಯಿ ಎಂದ ಗೆಳೆಯ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದೆ. ಹಲಗೆಯ ಬಿರುಕುಗಳಲ್ಲಿ ಚಪ್ಪಟೆಯಾದ ಬೂದು ಬಣ್ಣದ ಬೀಜಗಳಂಥವು ಕಂಡವು. ಯಾರೋ ಕುಂಬಳಬೀಜ ತಿಂದು ಸಿಪ್ಪೆ ತುರುಕಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿ ಓಡಿದ್ದು ಅಷ್ಟು ದೂರ. ಅವುಗಳ ಮೇಲೆಯೇ ಬಣ್ಣ ಬಳಿದೆ.

ಕೋಳಿಗಳು ಒಳಗೆ ಹೋಗಲು ಒಲ್ಲೆ ಎಂದವು. ಸಂಜೆಯಾದರೆ ಬಾಗಿಲ ತನಕ ಬಂದು ತಿರುಗಿ ಓಡುತ್ತಿದ್ದವು. ನಾನು ಒಂದೊಂದನ್ನೇ ಹಿಡಿದು ನೂಕಿ ಚಿಲಕ ಹಾಕುತ್ತಿದ್ದೆ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ನೋಡಿದಳು.

“ಯಾಕಲೇ, ಅವನ್ನ ಜೇಲಿಗೆ ಹಾಕಾಕತ್ತೀಯೇನು? ನನ್ನ ಹ್ಯಾಂಟಿ ಬುಟ್ಟ್ಯಾಗ ಇರಲಿ ಬಿಡು.”

“ದೊಡ್ಡವ್ವ, ಗುಡಿಸಲದಾಗ ಇದ್ದವರಿಗೆ ಬಂಗಲೆ ಹೊಂದಾಕ ಸ್ವಲ್ಪ ಟೈಮ್ ಬೇಕಾಗತೈತಿ.”

ಈ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಕೋಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲವಲ್ಲ!

ಕೆಲವೇ ದಿನಗಳಲ್ಲಿ ಕೋಳಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗಿದವು. ಹಸಿರು ಹಿಕ್ಕೆ, ಅದೂ ಬರೀ ನೀರು ನೀರು, ಕಾಲಲ್ಲಿ ಶಕ್ತಿ ಇಲ್ಲ. ಮೊದಲು ಎರಡು ಎಳೆಯ ಹೇಂಟೆ ಸತ್ತವು. ಓಣಿಯ ಮಂದಿ ಬಂದು ನಿಂತು ಉಪದೇಶ ಶುರು ಮಾಡಿದರು. “ಕೋಳಿ ಅಂದ್ರ ಸಾಯೂದ. ಜಲ್ದಿ ಕೊಯ್ದು ಸಾರು ಮಾಡ್ರಿ.” ನಮ್ಮವ್ವ ಸತ್ತ ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಾಗ ಇವರಿಗೆ ಸಾರಿನ ಚಿಂತೆ! ಮೈ ಉರಿಯಿತು. ಆ ಉರಿಯನ್ನು ಅವರ ಮೇಲೆ ಕಾರಿದ್ದರೆ ಒಂದು ರೀತಿ. ನಾನು ಕಾರಿದ್ದು ದೊಡ್ಡವ್ವನ ಮೇಲೆ.

ಮರುದಿನ ಮುಂಜಾನೆ ನಳದ ಹತ್ತಿರ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ದೊಡ್ಡವ್ವನೂ ಇದ್ದಳು.

“ನಿನ್ನ ಹ್ಯಾಂಟೀನ ಈ ರೋಗ ತಂದೈತಿ, ದೊಡ್ಡವ್ವ,” ಎಂದು ಕೂಗಿದೆ. “ಮೊದಲ ತೂಕಡಿಸಿ ಕುಂತಿದ್ದು ಅದು. ಊರ ತಿಪ್ಪಿ ಕೆದರಿ ಬಂದು ನಮ್ಮ ಕೋಳಿಗೆಲ್ಲಾ ಹಚ್ಚೇತಿ. ತಗೊಂಡು ಹೋಗು ನಿನ್ನ ಪಾಲು!”

ದೊಡ್ಡವ್ವ ಅರ್ಧ ತುಂಬಿದ ಕೊಡ ಅಲ್ಲೇ ಬಿಟ್ಟು ನಮ್ಮ ಅಂಗಳಕ್ಕೆ ಬಂದಳು. ನಿಲ್ಲಲಾರದ ಹೇಂಟೆಯನ್ನು ಎತ್ತಿಕೊಂಡು ಕುಂಟುತ್ತ ಹೋದಳು.

ಅವತ್ತೇ ಅವ್ವ ಕುಸಿದಿದ್ದ ಇನ್ನೊಂದು ಹೇಂಟೆಯನ್ನು ಕೈಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ಲಕ್ಷ್ಮೇಶ್ವರದಲ್ಲಿ ಪಶುವೈದ್ಯರಾದ ಒಬ್ಬ ಮೇಡಂ ಅದರ ರೆಕ್ಕೆಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಊರಿನ ಕೋಳಿಗಳನ್ನೆಲ್ಲ ಒಮ್ಮೆಗೇ ಒಯ್ಯುವ ಕೊಕ್ಕರೆ ರೋಗವೇ ಇರಬೇಕ್ರಿ ಎಂದು ನಾನು ಪಂಡಿತನಂತೆ ಹೇಳಿದೆ.

“ಅಲ್ಲ. ಬರ್ರಿ, ನೋಡ್ರಿ.”

ಕಣ್ಣಿಟ್ಟೆ. ರಕ್ತದ ಕಣಗಳ ನಡುವೆ ಸ್ಪ್ರಿಂಗಿನಂತೆ ಸುತ್ತಿಕೊಂಡ ಸಣ್ಣ ಸಣ್ಣ ಎಳೆಗಳು.

“ಇವು ಸುರುಳಿ ಬ್ಯಾಕ್ಟೀರಿಯಾ. ಕೋಳಿ ಉಣ್ಣಿ ಕಡದ್ರ ಬರ್ತಾವ. ಎಲ್ಲಿ ಮಲಗಸ್ತೀರಿ ಕೋಳಿ?”

“ಬಂಗಲೆದಾಗ್ರಿ, ಮೇಡಂ.”

“ಹಳೇ ಕಟ್ಟಿಗೀದೇನು?”

ಬೆಟಗೇರಿಯಿಂದ ಹಲಗೆ ತಂದದ್ದನ್ನು ಹೇಳಿದೆ. ಉಣ್ಣೆ ಎಂದರೆ ಎಮ್ಮೆಯ ಕಿವಿಯಲ್ಲಿ ನೇತಾಡುವುದು ಎಂದಷ್ಟೇ ನಾನು ತಿಳಿದಿದ್ದೆ. ಈ ಜಾತಿ ಹಗಲೆಲ್ಲ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಕುಡಿದು ಮತ್ತೆ ಬಿರುಕಿಗೆ ಹೋಗುತ್ತದಂತೆ. ವರ್ಷಗಟ್ಟಲೆ ಉಪವಾಸ ಬೇಕಾದರೂ ಇರುತ್ತದಂತೆ. ಬೆಟಗೇರಿಯ ಖಾಲಿ ಗೂಡಿನಲ್ಲಿ ಕಾಯುತ್ತಿದ್ದವುಗಳಿಗೆ ನಾನು ಬಾಡಿಗೆ ಆಟೋ ಮಾಡಿ, ಊಟದ ಮನೆಗೆ ಕರೆತಂದು, ಹೊರಗಿನಿಂದ ಚಿಲಕ ಹಾಕಿದ್ದೆ.

ಮೇಡಂ ಆ ಹೇಂಟೆಗೆ ಪೆನ್ಸಿಲಿನ್ ಚುಚ್ಚಿದರು. ಉಳಿದವಕ್ಕೆ ಚುಚ್ಚಲು ಕಾಂಪೌಂಡರನ್ನು ನನ್ನ ಬೈಕಿನ ಮೇಲೆ ಕಳಿಸಿದರು. ನಾನು ಮೊದಲು ಗಾಡಿ ನಿಲ್ಲಿಸಿದ್ದು ದೊಡ್ಡವ್ವನ ಬಾಗಿಲಲ್ಲಿ. ಆಕೆ ಹೊಸ್ತಿಲ ಮೇಲೆ ಕೂತಿದ್ದಳು. ಚುಕ್ಕೆ ಹೇಂಟೆ ಮಡಿಲಲ್ಲಿ ಕಾಲು ಸೆಟೆದುಕೊಂಡು ಸತ್ತಿತ್ತು. ಕಾಂಪೌಂಡರ್ ನನ್ನ ಮುಖ ನೋಡಿ, “ಮುಂದಿನ ಮನಿಗೆ ನಡೀರಿ,” ಎಂದ.

ಸಲಾಕೆ ಹಾಕಿ ಹಲಗೆ ಎಬ್ಬಿಸಿದೆ. ಅವೇ ಕುಂಬಳಬೀಜಗಳು! ಈಗ ಚಪ್ಪಟೆ ಇರಲಿಲ್ಲ, ನಮ್ಮ ಕೋಳಿಗಳ ರಕ್ತ ಕುಡಿದು ಉಬ್ಬಿದ್ದವು. ಸೀಮೆಎಣ್ಣೆ ಸುರಿದು ಬಂಗಲೆಗೆ ಬೆಂಕಿ ಇಟ್ಟೆ. ಪಟಪಟ ಸಿಡಿದವು. ಸಮಾಧಾನವಾಗಲಿಲ್ಲ. ಗೆಳೆಯನಿಗೆ ಫೋನ್ ಮಾಡಿದೆ.

“ಹೌದಲೇ, ಆ ಹಿತ್ತಲದಾಗ ಕೋಳಿ ಉಳೀತಿದ್ದಿಲ್ಲ ಅಂತಿದ್ರು,” ಎಂದ. “ನಿನಗ ಹೇಳೂದು ಮರತೆ ನೋಡು.”

ಮರೆತನಂತೆ! ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈದು ಮುಗಿದ ಮೇಲೂ ಸಿಟ್ಟು ಹಾಗೇ ಉಳಿದಿತ್ತು. ಅವನು ಹಲಗೆ ಕೊಟ್ಟ, ನಿಜ. ನಳದ ಹತ್ತಿರ ನಿಂತು ಕೂಗು ಎಂದು ಅವನೇನೂ ಹೇಳಿರಲಿಲ್ಲ.

ಚುಚ್ಚಿಸಿಕೊಂಡವುಗಳಲ್ಲಿ ಹೆಚ್ಚಿನವು ಬದುಕಿದವು. ಅವು ಚೇತರಿಸಿಕೊಂಡ ಮೇಲೆ, ಚುಕ್ಕೆ ಹೇಂಟೆಯ ಮಗಳೊಂದನ್ನು ಕಂಕುಳಲ್ಲಿ ಹಿಡಿದು ದೊಡ್ಡವ್ವನ ಮನೆಗೆ ಹೋದೆ. ಹಲಗೆಯ ಕಥೆ ಹೇಳಿದೆ. ತಪ್ಪಾಯಿತು ಎಂದೆ. ಕಾಲಿಗೂ ಬೀಳಲು ಹೋದೆ.

ದೊಡ್ಡವ್ವ ಕಾಲು ಹಿಂದೆ ಎಳೆದುಕೊಂಡಳು. ಕೋಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬುಟ್ಟಿಯ ಕೆಳಗೆ ಬಿಟ್ಟಳು. ಆಮೇಲೆ ಹೇಳಿದಳು:

“ತಪ್ಪಾತು ಅಂತ ಇಲ್ಲಿ ಯಾಕ ಅಂತೀಲೇ, ನನ್ನ ಮನಿ ಗ್ವಾಡಿಗಳಿಗೆ ಕೇಳಾಕೇನು? ನಾಳಿ ನಳ ಬಂದಾಗ ಬಾ. ಅವತ್ತ ಕೇಳಿದವರೆಲ್ಲಾ ಅಲ್ಲೇ ಕೊಡ ಹಿಡಕೊಂಡು ನಿಂತಿರ್ತಾರ. ಅವತ್ತ ಎಷ್ಟ ಜೋರ ಅಂದಿದ್ದಿ, ಅಷ್ಟ ಜೋರ ಅನ್ನು.”