ನಳಕ್ಕೆ ದಾರ ಕಟ್ಟಿದ ಕಲ್ಲಯ್ಯ

ಲಂಡನ್ನಿನ ದಕ್ಷಿಣಕ್ಕೆ, ಕ್ರೋಯ್ಡನ್ನಿನ ಟ್ರ್ಯಾಮ್ ಸ್ಟಾಪಿನ ಹಿಂದೆ, ಮೂರಂತಸ್ತಿನ ಕಟ್ಟಡದ ಕೆಳಗಿನ ಫ್ಲ್ಯಾಟಿನಲ್ಲಿ ವಿಜಯಪುರದ ಕಲ್ಲಯ್ಯನವರು ಇದ್ದಾರೆ. ವಯಸ್ಸು ಎಪ್ಪತ್ತೆರಡು, ಕಿವಿಗೆ ಮಾತ್ರ ಇಪ್ಪತ್ತೆರಡು. ಕೊಲ್ಲಿಯ ಮರಳುಗಾಡಿನ ಪಟ್ಟಣವೊಂದರ ನೀರಿನ ಇಲಾಖೆಯಲ್ಲಿ ಮೂವತ್ತು ವರ್ಷ ಅವರದು ಒಂದೇ ಕೆಲಸ: ರಸ್ತೆಗೆ ಕಬ್ಬಿಣದ ಸಲಾಕೆ ಊರಿ, ತುದಿಗೆ ಕಿವಿ ಹಚ್ಚಿ, ನೆಲದೊಳಗೆ ಪೈಪು ಎಲ್ಲಿ ಸೋರುತ್ತಿದೆಯೆಂದು ಹೇಳುವುದು. ಅಲ್ಲಿ ಸಮುದ್ರದ ಉಪ್ಪು ತೆಗೆದು ಕುಡಿಯುವ ನೀರು ಮಾಡುತ್ತಾರೆ. ಒಂದು ಬಕೆಟ್ ಸೋರಿದರೂ ಸಾಹೇಬರು ಸೂತಕದ ಮನೆಯವರಂತೆ ಕೂರುತ್ತಿದ್ದರಂತೆ. ಮೂರು ಮೈಲು ಆಚೆ ಒಂಟೆ ನೀರು ಕುಡಿದರೆ ಕಲ್ಲಯ್ಯನವರಿಗೆ ಇಲ್ಲಿ ಗುಟುಕು ಕೇಳುತ್ತಿತ್ತು. ಕುಡಿದದ್ದು ಸಿಹಿನೀರೋ ಸವಳೋ ಎಂಬುದನ್ನೂ ಹೇಳುತ್ತಿದ್ದರು. ಯಾರೂ ಹೋಗಿ ಒಂಟೆಯನ್ನು ವಿಚಾರಿಸದ್ದರಿಂದ ಈ ಮಾತು ಇಂದಿಗೂ ಸುಳ್ಳಾಗಿಲ್ಲ.

ಇಂಥ ಕೆಲಸ ಮಾಡಿದವರಿಗೆ ಒಂದು ಗುಣ ಅಂಟಿಕೊಳ್ಳುತ್ತದೆ. ನೆಲ ಒಣಗಿದ್ದರೆ ಅನುಮಾನ, ಹಸಿಯಿದ್ದರೆ ಖಾತ್ರಿ. ಲಂಡನ್ನಿಗೆ ಬಂದ ಮೇಲೆ ಅವರು ಮಳೆಯನ್ನೂ ನಂಬಲಿಲ್ಲ.

ಈ ಬೇಸಿಗೆಯಲ್ಲಿ ಆ ಮಳೆಯೂ ಊರು ಬಿಟ್ಟು ಹೋಯಿತು. ಹೋಸ್‌ಪೈಪ್ ಹಿಡಿಯಬಾರದೆಂದು ಊರಿಗೆಲ್ಲ ಹುಕುಂ ಆಯಿತು. ಅದೇ ವಾರ ಕಟ್ಟಡ ನೋಡಿಕೊಳ್ಳುವ ಕಂಪನಿಯವರು ಮನೆಮನೆಗೆ ಪತ್ರ ಹಾಕಿದರು. ಹಿತ್ತಲಿನ ನಳದ ಮೀಟರು ಹೋದ ವರ್ಷದ ಮೂರು ಪಟ್ಟು ಓಡಿದೆ, ಶನಿವಾರದೊಳಗೆ ಕಾರಣ ತಿಳಿಯದಿದ್ದರೆ ನಳವನ್ನೇ ಕಿತ್ತುಹಾಕುತ್ತೇವೆ ಎಂದು.

ಆ ನಳದ ಪಕ್ಕದಲ್ಲೇ ಕಲ್ಲಯ್ಯನವರ ಹೆಂಡತಿ ಶಿವಕ್ಕನ ಪುಂಡಿಪಲ್ಯದ ಮಡಿ. ಸೌತ್‌ಹಾಲಿನ ಇಂಡಿಯನ್ ಅಂಗಡಿಯಿಂದ ಬೀಜ ತಂದು, ಮೂರು ಬೇಸಿಗೆ ಸೋತು, ನಾಲ್ಕನೆಯದರಲ್ಲಿ ಮೊಳಕಾಲೆತ್ತರ ಬೆಳೆಸಿದ್ದರು. ಅದರ ಹುಳಿ ಎಂಥದೆಂದರೆ, ಎಲೆ ಮೂಸಿದ ಬೆಕ್ಕೊಂದು ವಾರವಿಡೀ ಒಂದು ಕಣ್ಣು ಮುಚ್ಚಿಕೊಂಡೇ ಓಡಾಡಿತು.

“ನಳ ಹೋದ್ರ ನನ್ನ ಪುಂಡಿನೂ ಹೋತ್ರಿ,” ಎಂದರು ಶಿವಕ್ಕ. “ಮೂವತ್ತ ವರ್ಷ ಅರಬರ ನೀರ ಕಾಯ್ದ್ರಿ. ನನ್ನ ಒಂದ ನಳ ಕಾಯಾಕ ಆಗೂದಿಲ್ಲೇನು?”

ಕಲ್ಲಯ್ಯನವರು ನೆಲ ಒರೆಸುವ ಮಾಪಿನ ಹಿಡಿಕೆಯನ್ನೇ ಸಲಾಕೆ ಮಾಡಿಕೊಂಡು ಹಿತ್ತಲಿನ ಗೇಣುಗೇಣಿಗೂ ಕಿವಿ ಹಚ್ಚಿದರು. ಪೈಪು ಮೌನ. ಎಲ್ಲೂ ಸೋರುತ್ತಿಲ್ಲ. ಹಾಗಾದರೆ ಕಳ್ಳತನವೇ ಸೈ.

ಕಳ್ಳನನ್ನು ಹುಡುಕಲು ದೂರ ಹೋಗಬೇಕಿರಲಿಲ್ಲ. ಮೇಲಿನ ಫ್ಲ್ಯಾಟಿನಲ್ಲಿ ರಾಮಪ್ರಸಾದ, ಬೆಂಗಳೂರಿನವರು, ಕಂಪ್ಯೂಟರ್ ಕೆಲಸದಿಂದ ನಿವೃತ್ತರು. ಬೀದಿಯ ಕಾರುಗಳೆಲ್ಲ ಧೂಳು ತಿಂದು ಎಮ್ಮೆಯ ಬಣ್ಣಕ್ಕೆ ತಿರುಗಿದ್ದಾಗ ಇವರ ಕಾರಿನಲ್ಲಿ ಮಾತ್ರ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು.

ಕಲ್ಲಯ್ಯನವರು ಬೆಳಿಗ್ಗೆ ಏಳಕ್ಕೆ ವಾಕಿಂಗ್ ಹೊರಡುವ ಮುಂಚೆ ನಳದ ಹಿಡಿಗೆ ಒಂದೆಳೆ ದಾರ ಕಟ್ಟಿ ಹೋದರು. ಎಂಟಕ್ಕೆ ಬಂದು ನೋಡಿದರೆ ದಾರ ಹರಿದಿತ್ತು. ಮರುದಿನವೂ ಹರಿದಿತ್ತು. ಅದರ ಮರುದಿನವೂ. ಶುಕ್ರವಾರ ವಾಕಿಂಗಿಗೆ ಹೋದಂತೆ ಬೂಟಿನ ಸಪ್ಪಳ ಮಾಡುತ್ತ ಮೂಲೆಯವರೆಗೆ ನಡೆದು, ಬೂಟು ಕೈಯಲ್ಲಿ ಹಿಡಿದು ಕಾಲುಚೀಲದಲ್ಲೇ ವಾಪಸು ಬಂದು, ಕಸದ ಡಬ್ಬಿಗಳ ಹಿಂದೆ ಕುಳಿತರು.

ಹತ್ತು ನಿಮಿಷಕ್ಕೆ ರಾಮಪ್ರಸಾದ ಬಂದರು. ಕೈಯಲ್ಲಿ ಬಕೆಟ್!

“ಸಿಕ್ಕ್ರಿ ನೋಡ್ರಿ!” ಕಲ್ಲಯ್ಯನವರು ಡಬ್ಬಿಯ ಹಿಂದಿನಿಂದ ಎದ್ದರು. “ಬಕೀಟ ಎಲ್ಲಿಗಿ ಹೊಂಟೈತಿ?”

ರಾಮಪ್ರಸಾದ ಬೆಚ್ಚಿಬಿದ್ದರು. “ಅಯ್ಯೋ, ಏನ್ ಸಾರ್ ಇದು, ಬೂಟು ಕೈಯಲ್ಲಿ? ಬಕೆಟ್ ನೋಡಿ, ತುಂಬಿದೆ. ಕಳ್ಳ ಎಲ್ಲಾದ್ರೂ ತುಂಬಿಸ್ಕೊಂಡು ಬರ್ತಾನಾ? ಷವರ್‌ನಲ್ಲಿ ಬಿಸಿನೀರು ಬರೋಕೆ ಮುಂಚೆ ತಣ್ಣೀರು ಸುಮ್ನೆ ಹೋಗತ್ತಲ್ಲ, ಅದನ್ನ ಹಿಡಿದು ದಿನಾ ನಿಮ್ಮನೆಯವರ ಗಿಡಕ್ಕೆ ಹಾಕ್ತೀನಿ.”

“ಮತ್ತ ಕಾರು?”

“ಒದ್ದೆ ಬಟ್ಟೇಲಿ ಒರೆಸ್ತೀನಿ. ಒಂದು ಲೋಟ ನೀರು ಸಾರ್, ಅಷ್ಟೇ.”

ಕಲ್ಲಯ್ಯನವರು ಬಕೆಟ್ಟಿನಲ್ಲಿ ಬೆರಳದ್ದಿ ಮೂಸಿದರು. ಸೋಪಿನ ವಾಸನೆ ಇರಲಿಲ್ಲ. ಇಷ್ಟು ಒಳ್ಳೆಯ ಮನುಷ್ಯ ಇರುವುದುಂಟೇ ಎಂದು ಅನುಮಾನ ಇನ್ನಷ್ಟು ಹೆಚ್ಚಾಯಿತು.

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ ಎಂದಿತು. ಕಲ್ಲಯ್ಯನವರು ರಾಮಪ್ರಸಾದರನ್ನೂ ಅವರ ಬಕೆಟ್ಟನ್ನೂ ಡಬ್ಬಿಯ ಹಿಂದಕ್ಕೆ ಎಳೆದುಕೊಂಡರು.

ಬಂದವರು ಶಿವಕ್ಕ, ಕೈಯಲ್ಲಿ ಒಂದು ತಂಬಿಗೆ. “ಯಾವ ಪುಣ್ಯಾತ್ಮನೋ ದಿನಾ ದಾರ ಕಟ್ಟತಾನ,” ಎಂದು ಗೊಣಗಿ, ದಾರ ಹರಿದೆಸೆದು ನಳವನ್ನು ಪೂರ್ತಿ ತಿರುಗಿಸಿದರು. ನೀರು ಭೋರೆಂದು ಸೀದಾ ಚರಂಡಿಗೆ ಬಿತ್ತು. ಶಿವಕ್ಕ ಸೆರಗು ಸಿಕ್ಕಿಸಿಕೊಂಡು ನಿಂತರು. ಐದು ನಿಮಿಷವಾಯಿತು, ಹತ್ತಾಯಿತು. ಒಂಟೆಯ ಗುಟುಕು ಕೇಳಿದ ಕಿವಿಗೆ ಆ ಸದ್ದು ಕಾಯ್ದ ಎಣ್ಣೆಯಂತೆ ಇಳಿಯಿತು.

“ಏ! ಏನ ಮಾಡ್ಲಾಕತ್ತಿ?”

“ನಿಂತ ನೀರ ಬಿಡ್ಲಾಕತ್ತೀನ್ರಿ,” ಎಂದರು ಶಿವಕ್ಕ, ಗಂಡ ಕಸದ ಡಬ್ಬಿಯ ಹಿಂದೆ ಏಕಿದ್ದಾರೆಂದು ಕೇಳುವ ಗೋಜಿಗೂ ಹೋಗದೆ. “ಪೈಪಿನ್ಯಾಗ ರಾತ್ರಿಯೆಲ್ಲಾ ನಿಂತಿದ್ದು ಸತ್ತ ನೀರು, ಇಪ್ಪತ್ತ ನಿಮಿಷ ಬಿಟ್ಟ ಹಿಡಿ ಅಂತ ನೀವ ಹೇಳಿದ್ರಲ್ಲಾ, ನಾ ಅಲ್ಲಿಗಿ ಬಂದ ಮೊದಲನೇ ದಿನಾನ? ಮೂರ ವರ್ಷ ಸತ್ತ ನೀರ ಹಾಕಿ ಗಿಡಾ ಸತ್ತುವು. ಈ ವರ್ಷ ನಿಮ್ಮ ಮಾತ ನೆನಪಾತು. ನೋಡ್ರಿ, ಹ್ಯಾಂಗ ಬೆಳದಾವು!”

ಹೇಳಿದ್ದು ಹೌದು. ಮರಳುಗಾಡಿನಲ್ಲಿ ಅವರದು ಓಣಿಯ ಕಟ್ಟಕಡೆಯ ಮನೆ. ಕಾದ ನೆಲದಲ್ಲಿ ನಿಂತ ನೀರು ತುಕ್ಕು ಬೆರೆತು, ಹಾಲು ಹಾಕಿದರೆ ಚಹಾ ಆಗುವಂತಿತ್ತು. ನಲವತ್ತಾರು ವರ್ಷದ ಸಂಸಾರದಲ್ಲಿ ಕಲ್ಲಯ್ಯನವರು ಹತ್ತು ಲಕ್ಷ ಮಾತಾದರೂ ಆಡಿದ್ದಾರು. ಹೆಂಡತಿ ಪಾಲಿಸಿದ್ದು ಇದೊಂದನ್ನೇ!

ಶನಿವಾರ ಕಂಪನಿಯ ಹೆಣ್ಣುಮಗಳು ಕಾಗದ ಹಿಡಿದು ಬಂದಳು. ಕಲ್ಲಯ್ಯನವರಿಗೆ ತಪ್ಪನ್ನು ನರಿಯ ಮೇಲೆ ಹಾಕಿಬಿಡೋಣ ಎನ್ನಿಸಿತು. ಕ್ರೋಯ್ಡನ್ನಿನ ಬೀದಿಗಳಲ್ಲಿ ನರಿಗಳಿಗೇನು ಕಡಿಮೆ? ಆದರೆ ಪಕ್ಕದಲ್ಲೇ ರಾಮಪ್ರಸಾದ ಬಕೆಟ್ ಹಿಡಿದು ನಿಂತಿದ್ದರು. “ಕಳ್ಳ ನಾನೇ. ನೀರು ಬಿಡು ಅಂತ ಹೇಳಿಕೊಟ್ಟವನು ನಾನು,” ಎಂದು ಕಲ್ಲಯ್ಯನವರು ತಮಗೆ ಬರುವ ಇಂಗ್ಲಿಷಿನಲ್ಲಿ ಒಪ್ಪಿಕೊಂಡರು.

ನಳ ಉಳಿಯಿತು, ಬೀಗದೊಂದಿಗೆ. ದಿನಕ್ಕೊಂದೇ ಬಕೆಟ್. ಕೀಲಿಕೈ ಯಾರಾದರೂ ನಂಬಿಗಸ್ಥರ ಕೈಯಲ್ಲಿರಲಿ ಎಂದು ಆಕೆ ರಾಮಪ್ರಸಾದರಿಗೆ ಕೊಟ್ಟು ಹೋದಳು.

ಈಗ ಮೂವತ್ತು ವರ್ಷ ಒಂದು ಪಟ್ಟಣದ ನೀರು ಕಾಯ್ದ ಕಲ್ಲಯ್ಯನವರು ದಿನಾ ಬೆಳಿಗ್ಗೆ ಮೇಲಿನ ಮನೆಯ ಬಾಗಿಲು ಬಡಿದು ಕೀಲಿ ಕೇಳುತ್ತಾರೆ. “ಎಷ್ಟು ನಿಮಿಷ ಸಾರ್?” ಎಂದು ರಾಮಪ್ರಸಾದ ಗಡಿಯಾರ ನೋಡುತ್ತಾರೆ. ಶಿವಕ್ಕ ರಾಮಪ್ರಸಾದರಿಗೆ ವಾರಕ್ಕೊಂದು ಡಬ್ಬಿ ಪುಂಡಿಚಟ್ನಿ ಕಳಿಸುತ್ತಾರೆ.

ಆದರೆ ಮೊನ್ನೆ ಕಲ್ಲಯ್ಯನವರಿಗೆ ಮಡಿಯ ಅಂಚಿನ ಗಿಡದಲ್ಲಿ, ಬಕೆಟ್ ಹಿಡಿದು ಬಂದವರ ಕೈಗೆ ಎಟಕುವಷ್ಟು ಎತ್ತರದಲ್ಲೇ, ಎರಡು ಎಲೆ ಕಡಿಮೆ ಕಂಡವು. ಒಳಗೆ ಹೋಗಿ ದಾರದ ಉಂಡೆ ತಂದರು.