ಕಾಯಿ ಹಿಡಿದ ಮರವನ್ನು ಯಾರು ಕಡಿಯುತ್ತಾರೆ?

ಮೊನ್ನೆ ಸಂಜೆ ಕಿಟಕಿ ತೆಗೆದೆ, ಮಾವಿನ ಹೂವಿನ ವಾಸನೆ ಒಳಗೆ ನುಗ್ಗಿತು. ಶ್ರೀನಿವಾಸಪುರದಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ. ವರ್ಷಾ ವರ್ಷಾ ಬರುತ್ತದೆ, ಜೊತೆಗೆ ಒಂದಿಷ್ಟು ಸೀನು, ಒಂದಿಷ್ಟು ಜಿಗಿಹುಳು. ಆದರೆ ಮೊನ್ನೆ ಅದು ಬಂದ ಹೊತ್ತಿಗೆ ಸರಿಯಾಗಿ ಟೀವಿಯಲ್ಲಿ ಕೋಟು ಹಾಕಿದ ಪರಿಣತರೊಬ್ಬರು ಯುದ್ಧದ ಭವಿಷ್ಯ ಹೇಳುತ್ತಿದ್ದರು. ಎರಡೂ ಕಡೆಯವರು ವಿವೇಕಿಗಳಂತೆ, ಲಾಭ ನಷ್ಟ ತೂಗಿ ನೋಡುತ್ತಾರಂತೆ, ತಮಗೇ ಹಾನಿಯಾಗುವ ಕೆಲಸಕ್ಕೆ ಕೈ ಹಾಕುವುದಿಲ್ಲವಂತೆ. ಆ ವಾಸನೆಗೂ ಈ ಮಾತಿಗೂ ನನ್ನ ತಲೆಯಲ್ಲಿ ಗಂಟು ಬಿದ್ದಿದ್ದೇ ತಡ, ನೋಟದ ತಾತ ನೆನಪಾದರು.

ಆ ಯುದ್ಧಕ್ಕೂ ನನಗೂ ಏನು ಸಂಬಂಧ ಎಂದರೆ, ನನ್ನ ಅಣ್ಣನ ಮಗಳು ಅಲ್ಲಿ ಸಮುದ್ರದ ದಡದ ಒಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಅದಕ್ಕೇ ನಾನು ಟೀವಿ ನೋಡುವುದು. ಇಲ್ಲದಿದ್ದರೆ ಆ ಮುಖಗಳನ್ನು ನೋಡುವ ಕರ್ಮ ನನಗೇನಿದೆ? ಈ ಮಹಾನುಭಾವರೇ ಮೊದಲು ಯುದ್ಧ ಶುರುವಾಗುವುದೇ ಇಲ್ಲ ಎಂದಿದ್ದರು. ಶುರುವಾಯಿತು. ಕೆಲವೇ ವಾರದಲ್ಲಿ ಮುಗಿಯುತ್ತದೆ ಎಂದರು. ಮುಗಿಯಲಿಲ್ಲ. ನಮ್ಮ ಹುಡುಗಿ ಇರುವ ಊರಿನ ಬಂದರು ಎರಡೂ ಕಡೆಯವರಿಗೆ ಬೇಕು, ಅದನ್ನು ಯಾರೂ ಮುಟ್ಟುವುದಿಲ್ಲ ಎಂದರು. ಮುಟ್ಟಿದರು. ಮಾರನೆಯ ದಿನ ಅದೇ ಕುರ್ಚಿ, ಅದೇ ನಕ್ಷೆ, ಅದೇ ಕೆಂಪು ಬಾಣಗಳು. ನಿನ್ನೆ ಹೇಳಿದ್ದು ಸುಳ್ಳಾಯಿತು ಎಂದು ಒಂದು ಮಾತು ಇವರ ಬಾಯಿಂದ ಬರಲಿಲ್ಲ.

ತಾತ ಹಾಗಿರಲಿಲ್ಲ. ನನ್ನ ಚಿಕ್ಕಂದಿನಲ್ಲಿ ನಮ್ಮ ಕಡೆ ತೋಟದ ಫಸಲನ್ನು ಮರದ ಮೇಲಿರುವಾಗಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಿದ್ದರು. ಕಾಯಿ ಗೋಲಿ ಗಾತ್ರ ಆದಾಗ ಇಬ್ಬರಿಗೂ ಬೇಕಾದವರೊಬ್ಬರು ತೋಟ ಸುತ್ತಿ, ಯಾವ ಮರ ಎಷ್ಟು ಮಂಕರಿ ಕೊಡುತ್ತದೆ ಎಂದು ಹೇಳಬೇಕು. ಅದಕ್ಕೆ ನೋಟ ಹೇಳುವುದು ಎನ್ನುತ್ತಿದ್ದರು. ತಾತನ ಕೆಲಸ ಅದು. ನಮಗೆ ರಕ್ತಸಂಬಂಧಿಯಲ್ಲ, ಪಕ್ಕದ ಬೀದಿಯವರು, ನನ್ನನ್ನು 'ಪಾಪಾ' ಎಂದು ಕರೆಯುತ್ತಿದ್ದರು. ಮರದ ಕೆಳಗೆ ಟವಲು ಹಾಸಿ ಅಂಗಾತ ಮಲಗುತ್ತಿದ್ದರು. ಹೋದ ವರ್ಷ ದಣಿದ ಮರ ಯಾವುದು, ಗಾಳಿಗೆ ಉದುರಿಸುವ ಮರ ಯಾವುದು, ಎಲ್ಲ ಮಲಗಿಯೇ ಓದಿಬಿಡುತ್ತಿದ್ದರು. ಕೆಲವು ಸಲ ಗೊರಕೆಯೂ ಕೇಳಿಸುತ್ತಿತ್ತು, ಅದು ಬೇರೆ ಮಾತು.

ಅವರದೊಂದು ಕಟ್ಟುನಿಟ್ಟು ಇತ್ತು. ಕೊಯ್ಲಿನ ದಿನ ಕರೆಯದಿದ್ದರೂ ಬರುತ್ತಿದ್ದರು. ತಮ್ಮ ನೋಟ ತಪ್ಪಿದ ಮರದ ಕೆಳಗೆ ನಿಂತು, ಕೊಯ್ಯುವವರನ್ನೆಲ್ಲ ಹತ್ತಿರ ಕರೆದು, ಇಷ್ಟು ಅಂದಿದ್ದೆ, ಇಷ್ಟೇ ಬಂತು, ಇಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಅವರೇ ಹೇಳುತ್ತಿದ್ದರು. ಹುಡುಗರು ನಗುತ್ತಿದ್ದೆವು... ಸುಳ್ಳೇಕೆ, ನಾನೂ ನಕ್ಕಿದ್ದೇನೆ.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಎರಡು ತೋಟಗಳ ನಡುವಿನ ಏಳು ರಸಪುರಿ ಮರಗಳ ಮೇಲೆ ಜಗಳ ಹತ್ತಿತು. ಅಳತೆಯಾಗಿ ಮರಗಳು ನಮ್ಮ ಪಾಲಿಗೆ ಬಂದವು. ಆ ವರ್ಷದ ಫಸಲು ಮಾತ್ರ ಇಬ್ಬರಿಗೂ ಅರ್ಧರ್ಧ ಎಂದು ಪಂಚಾಯಿತಿಯಲ್ಲಿ ಒಪ್ಪಿಸಿದರು. ದೊಡ್ಡಪ್ಪ ಅಲ್ಲೇ ಎದ್ದು ನಿಂತು, ನನಗಿಲ್ಲದ ಮರ ಯಾರಿಗೂ ಇರಲ್ಲ, ಕಡಿದು ಹಾಕ್ತೀನಿ ಎಂದು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೂಗಿ ಹೋದ.

ಅಮ್ಮನಿಗೆ ದಿಗಿಲು ಹತ್ತಿತು. ಮರಕ್ಕಲ್ಲ, ಅಣ್ಣನಿಗೆ. ಅಣ್ಣನಿಗಾಗ ಇಪ್ಪತ್ತು ವರ್ಷ, ಮುಟ್ಟಿದರೆ ಸಿಡಿಯುವ ಸ್ವಭಾವ. ಕೊಯ್ಲು ಮುಗಿಯುವ ತನಕ ಅವನನ್ನು ಮುಳಬಾಗಿಲಿನ ತನ್ನ ತವರಿಗೆ ಕಳಿಸಿಬಿಡಬೇಕೆಂದು ಅಮ್ಮ ಬಟ್ಟೆಯನ್ನೂ ಕಟ್ಟಿಟ್ಟಳು. ಊರಿನ ತಿಳಿದವರೆಲ್ಲ ಅವಳನ್ನು ನೋಡಿ ನಕ್ಕರು. ವಕೀಲರು, ಮೇಷ್ಟರು, ಎಲ್ಲರದೂ ಒಂದೇ ರಾಗ. ಅರ್ಧ ಫಸಲು ಅವನದೇ, ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುತ್ತಾನಾ, ಬರೀ ಬೆದರಿಕೆ ಎಂದರು. ಅಮ್ಮನಿಗೆ ಸಮಾಧಾನವಾಗಲಿಲ್ಲ. ನೋಟ ಹೇಳಲು ಬಂದಿದ್ದ ತಾತನನ್ನೇ ಕೇಳಿದಳು. ತಾತ ಎದ್ದು ಟವಲು ಕೊಡವಿ, ಮೇಲೆ ನೋಡಿದರು. ಗೊಂಚಲು ಗೊಂಚಲು ಕಾಯಿ.

"ಇಷ್ಟು ಕಾಯಿ ಹಿಡ್ದಿರೋ ಮರಾನ ಬುದ್ಧಿ ಇರೋನು ಯಾವನೂ ಕಡಿಯಲ್ಲ ಕಣಮ್ಮ. ಹುಡುಗನ್ನ ಎಲ್ಲಿಗೂ ಕಳಿಸ್ಬೇಡ."

ಅಮ್ಮ ಬಟ್ಟೆಯ ಗಂಟು ಬಿಚ್ಚಿದಳು.

ಇನ್ನೊಂದು ತಿಂಗಳು ತಡೆದಿದ್ದರೆ ಕಾಯಿ ಬಲಿಯುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡಪ್ಪ ನಾಲ್ಕು ಆಳು, ಗರಗಸ, ಹಗ್ಗ ಕಟ್ಟಿಕೊಂಡು ಬಂದ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೂರು ಮರ ನೆಲದ ಮೇಲಿದ್ದವು. ಅಣ್ಣ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡಿದ, ನಾಲ್ಕನೆಯ ಮರವನ್ನು ತಬ್ಬಿಕೊಂಡ. ಅದನ್ನಾಗಲೇ ಆಚೆಯಿಂದ ಮುಕ್ಕಾಲು ಕುಯ್ದಿದ್ದರು. ಅವನು ನೋಡಲಿಲ್ಲ... ಮರ ಅವನ ಬಲಗಾಲಿನ ಮೇಲೆ ಬಿತ್ತು. ಆಗ ಅವನನ್ನು ಹೆಗಲ ಮೇಲೆ ಹೊತ್ತು ಟೆಂಪೋ ತನಕ ಓಡಿದವನು ಯಾರು ಗೊತ್ತೇ? ಮರ ಕಡಿಸಿದ ದೊಡ್ಡಪ್ಪನೇ. ದಾರಿಯುದ್ದಕ್ಕೂ ಹೆಂಗಸಿನ ಹಾಗೆ ಅಳುತ್ತಿದ್ದನಂತೆ. ಕೋಲಾರದ ಆಸ್ಪತ್ರೆಯಲ್ಲಿ ಅಣ್ಣನ ಕಾಲು ಮಂಡಿಯ ಮೇಲಕ್ಕೆ ತೆಗೆದರು.

ಲಾಭ ನಷ್ಟ ತೂಗುತ್ತಾರಂತೆ! ತೂಗಿದ್ದರೆ ಆ ಮರ ಬೀಳುತ್ತಿರಲಿಲ್ಲ, ಬಿದ್ದ ಮೇಲೆ ಆ ಮನುಷ್ಯ ಅಳುತ್ತಲೂ ಇರಲಿಲ್ಲ. ಪಕ್ಕದವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡವನ ಗಾದೆಯನ್ನು ನಮ್ಮ ಅಜ್ಜಿಯರು ಸುಮ್ಮನೆ ಹೊತ್ತು ಕಳೆಯಲು ಕಟ್ಟಲಿಲ್ಲ. ಅಂಥವರನ್ನು ಕಣ್ಣಾರೆ ಕಂಡೇ ಕಟ್ಟಿದ್ದು. ನಾಡು ಆಳುವವನು ಬೇರೆ ಮಣ್ಣಿನಿಂದ ಬಂದಿರುತ್ತಾನೆಯೇ? ಅವನಿಗೂ ಹಠವಿದೆ, ಅವಮಾನವಿದೆ, ಅಣ್ಣ ತಮ್ಮಂದಿರ ಹಳೆಯ ಹಗೆಯಿದೆ. ಕ್ಷಿಪಣಿ ಎಷ್ಟು ದೂರ ಹಾರುತ್ತದೆ ಎಂದು ಈ ಪರಿಣತರು ಹೇಳಲಿ, ಕೈಕಟ್ಟಿ ಕೇಳುತ್ತೇನೆ, ಅದು ಅವರ ವಿದ್ಯೆ. ಹಾರಿಸುವವನ ಹೊಟ್ಟೆಯೊಳಗಿನ ಉರಿಯನ್ನು ನಕ್ಷೆಯ ಮೇಲೆ ಕಡ್ಡಿ ಆಡಿಸಿ ಹೇಳಬೇಡಿ. ಅದನ್ನು ನಾನು ನಂಬುವುದಿಲ್ಲ.

ಆ ವರ್ಷವೂ ಕೊಯ್ಲಿಗೆ ತಾತ ಬಂದರು. ಕೊಯ್ಯಲು ಆ ಸಾಲಿನಲ್ಲಿ ಏನೂ ಉಳಿದಿರಲಿಲ್ಲ. ಮಿಕ್ಕ ಮೂರನ್ನೂ ನಮ್ಮಪ್ಪನೇ ಕಡಿಸಿ ಹಾಕಿದ್ದ, ಆ ಮರಗಳ ಮುಖ ನೋಡಲಾರೆ ಎಂದು. ಅದಕ್ಕೆ ಯಾವ ವಿವೇಕದ ಹೆಸರಿಡುತ್ತೀರೋ ಇಡಿ. ತಾತ ಬೀದಿಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ಅಣ್ಣ ಕೂತಿದ್ದ ಜಗಲಿಯ ಮುಂದೆ, ಬಿಸಿಲಲ್ಲಿ, ತಲೆಯ ವಸ್ತ್ರ ತೆಗೆದು ನಿಂತರು.

"ಮರ ನೋಡಿ ಮನುಷ್ಯನ ನೋಟ ಹೇಳ್ಬಿಟ್ಟೆ. ಮರಕ್ಕೆ ಹಠ ಇಲ್ಲ, ಮನುಷ್ಯನಿಗೈತೆ. ಅದು ನನ್ ಕಣ್ಣಿಗೆ ಬೀಳ್ಲಿಲ್ಲ. ತಪ್ಪು ನಂದು, ಎಲ್ರೂ ಕೇಳಿಸ್ಕೊಳ್ಳಿ."

ಅಮ್ಮ ಕ್ಷಮಿಸಲಿಲ್ಲ. ಅವತ್ತು ಒಂದು ಲೋಟ ನೀರೂ ಕೊಡಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಕೀಲರು, ಮೇಷ್ಟರು ನಮ್ಮ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿದರೇ ಹೊರತು ಮನೆಗೆ ಬರಲಿಲ್ಲ. ತಾತ ಮಾತ್ರ ಮುಂದಿನ ವರ್ಷವೂ ಬಂದರು, ಅದರ ಮುಂದಿನ ವರ್ಷವೂ. ಅಣ್ಣನ ಪಕ್ಕ ಒಂದು ಗಳಿಗೆ ಕೂತು, ಅವನಿಗೆ ಮರಗಳ ನೋಟ ಹೇಳಿಕೊಡುತ್ತಿದ್ದರು. ಎಷ್ಟನೆಯ ವರ್ಷವೋ ನೆನಪಿಲ್ಲ... ಅಮ್ಮ ಮಜ್ಜಿಗೆ ತಂದುಕೊಟ್ಟಳು. ನಾನು ಈ ಊರಿಗೆ ಮರಳುವ ಮೊದಲು, ಮದುವೆಯಾಗಿ ಮಾಲೂರಿನಲ್ಲಿದ್ದಾಗ ಅವರು ತೀರಿಹೋದರು. ಸುದ್ದಿ ತಡವಾಗಿ ಬಂತು, ಮುಖ ನೋಡಲಾಗಲಿಲ್ಲ. ಆ ಸಂಕಟ ಇನ್ನೂ ಇದೆ.

ಮೊನ್ನೆ ಟೀವಿ ಆರಿಸಿ ಸೀದಾ ಅಣ್ಣನ ಮನೆಗೆ ಹೋದೆ. ಅಲ್ಲಿ ನೆಂಟರೊಬ್ಬರು ಅದೇ ಪರಿಣತರ ಮಾತನ್ನು ಗಿಣಿಪಾಠ ಒಪ್ಪಿಸುತ್ತಿದ್ದರು, ಇನ್ನು ಬಂದರಿನ ಮೇಲೆ ಬೀಳುವುದಿಲ್ಲ, ಹುಡುಗಿ ಅಲ್ಲೇ ಇರಲಿ, ಇಂಥ ಕೆಲಸ ಮತ್ತೆ ಸಿಗುತ್ತದೆಯೇ ಎಂದು. ನಾನು ಅವರ ಬಾಯಿ ಮುಚ್ಚಿಸಿದೆ. ಅಣ್ಣನಿಗೆ ಹೇಳಿದೆ, ನಾಳೆ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ, ಬಾ ಎಂದರೆ ಬರುತ್ತಾಳೆ, ಬುದ್ಧಿ ಇರುವ ಹುಡುಗಿ, ನೀನು ನಿಶ್ಚಿಂತೆಯಾಗಿ ಮಲಗು. ಅಣ್ಣ ಮಗುವಿನ ಹಾಗೆ ತಲೆಯಾಡಿಸಿದ.

ಬೆಳಿಗ್ಗೆ ಫೋನ್ ಮಾಡಿದೆ. ಮೊದಲನೆಯ ಸಲಕ್ಕೇ ಸಿಕ್ಕಳು.

"ವಿಮಾನ ಇದೆ ಅತ್ತೆ, ಟಿಕೆಟ್ಟೂ ಸಿಗುತ್ತೆ. ನಾನೇ ಬರ್ತಿಲ್ಲ. ತಿಂಗಳು ತುಂಬದ ಕೂಸುಗಳು ಒಂಬತ್ತಿದಾವೆ ವಾರ್ಡಲ್ಲಿ. ಮಿಕ್ಕವರೆಲ್ಲ ಹೊರಟೋದ್ರು. ಇರೋದು ನಾವಿಬ್ರೇ."

ಬೈದೆ. ನಿನಗೆ ತಲೆ ಕೆಟ್ಟಿದೆಯೇನೇ ಎಂದೆ. ಯಾರದೋ ಮಕ್ಕಳಿಗೆ ನಿನ್ನ ಜೀವ ಕೊಡುತ್ತೀಯಾ, ನಿನ್ನ ಅಪ್ಪನ ಗತಿಯೇನು ಎಂದೆ. ಅತ್ತುಬಿಟ್ಟೆ. ಅವಳು ಎಲ್ಲ ಕೇಳಿಸಿಕೊಂಡು, ಅಪ್ಪನಿಗೆ ನೀವೇ ಹೇಳಿ ಎಂದು ಮೆಲ್ಲಗೆ ಹೇಳಿ ಇಟ್ಟುಬಿಟ್ಟಳು.

ಫೋನಿನಲ್ಲಿ ಹೇಳಬಹುದಿತ್ತು. ಮನಸ್ಸು ಒಪ್ಪಲಿಲ್ಲ, ಎದ್ದು ಹೋದೆ. ಅಣ್ಣ ಜಗಲಿಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ, ಹಿಂದಿನ ದಿನದ ನೆಂಟರೂ ಇದ್ದರು, ಎದುರು ಮನೆಯವರೂ ಇದ್ದರು. ಇರಲಿ ಎಂದುಕೊಂಡೆ. ಕೂರಲಿಲ್ಲ.

"ಅಣ್ಣ, ನಾನ್ ಹೇಳಿದ್ದು ತಪ್ಪಾಯ್ತು. ಅವಳು ಬರಲ್ಲ."

ಯಾಕೆಂದು ಹೇಳಿದೆ. ಕೂಸುಗಳ ವಿಷಯ ಹೇಳಿದೆ. ಅಣ್ಣ ಪಕ್ಕದ ಊರುಗೋಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ, ಇಬ್ಬರೇ ಇದ್ದಾರಂತೆಯೇ ಎಂದು. ಹೌದು, ಇಬ್ಬರೇ ಎಂದೆ.

"ಹಂಗಾದ್ರೆ ಹೆಂಗ್ ಬರ್ತಾಳೆ, ಬಿಡು" ಎಂದು ಅವನು ಗೋಡೆಯ ಕಡೆ ಮುಖ ತಿರುಗಿಸಿದ.